ಹೊತ್ತು ಮುಳುಗುವ ಮುನ್ನ ಮಾಸ್ಕ್ ರೋಡಿನಲ್ಲಿ

ರಂಜಾನ್ ತಿಂಗಳು ಬಂತೆಂದರೆ ಬೆಂಗಳೂರಿನ ಫ್ರೇಜರ್ ಟೌನಿನ ಮಾಸ್ಕ್ ರೋಡಿನ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಓಡಾಡತೊಡಗುತ್ತವೆ. ಇದ್ದಿಲಿನ ಮೇಲೆ ಸಾಲಾಗಿ ಮಲಗಿದ ಸೀಕ್ ಕಬಾಬು, ಬಾಣಲೆಯಿಂದ ಆಗಷ್ಟೇ ಎದ್ದ ಸಮೋಸ, ತುಪ್ಪ ಹೊಳೆಯುವ ಹಲೀಮಿನ ಬಟ್ಟಲು, ಮೇಲೆ ಬಣ್ಣದ ದೀಪದ ಸರ. ಚಿತ್ರಗಳು ಚೆನ್ನಾಗಿಯೇ ಇರುತ್ತವೆ. ಆದರೆ ಹತ್ತು ಜನ ತೆಗೆದ ಹತ್ತು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟರೆ ಯಾವುದು ಯಾರದ್ದೆಂದು ಹೇಳಲಾಗದು. ಹೆಚ್ಚಿನವರು ಅಲ್ಲಿಗೆ ಹೋಗುವುದು ರಾತ್ರಿ ಎಂಟರ ನಂತರ, ಹಸಿವಾದ ಮೇಲೆ. ತೆಗೆಯುವುದು ತಟ್ಟೆಯ ಚಿತ್ರ.

ಶಿವಮೊಗ್ಗ ಜಿಲ್ಲೆಯ ಸೊರಬ, ಶಿಕಾರಿಪುರದ ಕಡೆಯಿಂದ ಓದಿಗೋ ಕೆಲಸಕ್ಕೋ ಬೆಂಗಳೂರು ಸೇರಿದ ಹುಡುಗ ಹುಡುಗಿಯರಲ್ಲಿ ಕ್ಯಾಮೆರಾ ಕೊಂಡವರು ಈಗ ಬಹಳ. ವಾರಾಂತ್ಯದ ‘ಫೋಟೋ ವಾಕ್’ಗಳಲ್ಲಿ ಅವರೂ ಇರುತ್ತಾರೆ. ನನ್ನೂರು ಉಳವಿ. ಚನ್ನಬಸವಣ್ಣನವರ ಕ್ಷೇತ್ರವಾದ ಜೊಯಿಡಾ ತಾಲ್ಲೂಕಿನ ಉಳವಿಯಲ್ಲ, ಸೊರಬ ತಾಲ್ಲೂಕಿನ ಹೋಬಳಿ ಊರು. ನಮ್ಮ ಕಡೆಯ ಈ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ನಾನು ಹೇಳಬೇಕಾದದ್ದು ಇಷ್ಟೇ: ರಂಜಾನ್ ಪೇಟೆಯ ನಿಜವಾದ ಚಿತ್ರ ಇರುವುದು ಸೂರ್ಯ ಮುಳುಗುವ ಮುನ್ನ. ಅದು ತಿನ್ನುವವರ ಚಿತ್ರವಲ್ಲ, ತಾವು ಹಸಿದಿದ್ದು ಬೇರೆಯವರಿಗೆ ಬೇಯಿಸುವವರ ಚಿತ್ರ. ಅದನ್ನು ತೆಗೆಯಬೇಕೆಂದರೆ ಆ ಬೀದಿ ಹೇಗೆ ಹುಟ್ಟಿತು, ಆ ಅಡುಗೆ ಹೇಗೆ ನಡೆಯುತ್ತದೆ, ಆ ಹೊತ್ತಿನ ಬೆಳಕು ಎಂಥದ್ದು ಎಂಬ ಮೂರೂ ಗೊತ್ತಿರಬೇಕು.

ಪ್ಲೇಗಿನ ನಂತರದ ಬಡಾವಣೆ

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಪೇಟೆಯಲ್ಲೂ ದಂಡು ಪ್ರದೇಶದಲ್ಲೂ ಸಾವಿರಾರು ಜನ ಸತ್ತರು. ದಂಡಿನ ಬ್ಲ್ಯಾಕ್‌ಪಲ್ಲಿ, ಅಂದರೆ ಇಂದಿನ ಶಿವಾಜಿನಗರ, ಇಕ್ಕಟ್ಟಾದ ಗಲ್ಲಿಗಳ ಊರು. ಗಾಳಿ ಬೆಳಕಿಲ್ಲದ ಮನೆಗಳಲ್ಲಿ ಇಲಿಗಳು ಸುಲಭವಾಗಿ ಸೇರಿಕೊಳ್ಳುತ್ತಿದ್ದವು. ಆ ದಟ್ಟಣೆಯನ್ನು ಕಡಿಮೆ ಮಾಡಲು 20ನೆಯ ಶತಮಾನದ ಮೊದಲ ದಶಕದಲ್ಲಿ ಉತ್ತರಕ್ಕೆ ಹೊಸ ಬಡಾವಣೆಯೊಂದನ್ನು ಯೋಜಿಸಿದರು. ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಗುರುವಾಗಿದ್ದು, ಮುಂದೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಆದ ಸ್ಟುವರ್ಟ್ ಫ್ರೇಜರ್ ಅವರ ಹೆಸರನ್ನು ಅದಕ್ಕಿಟ್ಟರು. ಅದೇ ಫ್ರೇಜರ್ ಟೌನು. ಈಗ ದಾಖಲೆಯಲ್ಲಿ ಪುಲಿಕೇಶಿ ನಗರ, ಬಾಯಲ್ಲಿ ಇನ್ನೂ ಫ್ರೇಜರ್ ಟೌನ್.

ಬಡಾವಣೆಯನ್ನು ರೂಪಿಸಿದ ಎಂಜಿನಿಯರ್ ಜೆ.ಎಚ್. ಸ್ಟೀಫನ್ಸ್ ಇಲ್ಲಿನ ಅನುಭವದ ಮೇಲೆ ಪ್ಲೇಗು ತಟ್ಟದ ಪಟ್ಟಣ ಕಟ್ಟುವ ಬಗ್ಗೆ ಪುಸ್ತಕವನ್ನೇ ಬರೆದರು. ಅದು 1914ರಲ್ಲಿ ಅಚ್ಚಾಯಿತು. ಇಲಿ ನುಸುಳದ ಮನೆ, ನೇರವಾದ ಅಗಲ ರಸ್ತೆ, ಗಾಳಿಗೆ ದಾರಿ ಎಂಬುದೇ ಅವರ ಲೆಕ್ಕ. ಇಂದು ಹೊಗೆ, ಜನ, ಗಾಡಿಗಳಿಂದ ಕಿಕ್ಕಿರಿಯುವ ಮಾಸ್ಕ್ ರೋಡು ಇಕ್ಕಟ್ಟನ್ನು ತಪ್ಪಿಸಲೆಂದೇ ಎಳೆದ ರಸ್ತೆಗಳ ಪೈಕಿಯದು. ಸಂಜೆಯ ಬಿಸಿಲು ಆ ರಸ್ತೆಗೆ ಇಳಿಯುವ ಪರಿಯನ್ನು ಗಮನಿಸಿದವರಿಗೆ ಸ್ಟೀಫನ್ಸ್ ಎಳೆದ ಗೆರೆಯ ಬೆಲೆ ತಿಳಿಯುತ್ತದೆ. ಗಲ್ಲಿಯಾಗಿದ್ದರೆ ಮೂರೂವರೆಗೇ ನೆರಳು ಕವಿಯುತ್ತಿತ್ತು.

ರಸ್ತೆಗೆ ಹೆಸರು ಬಂದದ್ದು ಅಲ್ಲಿನ ಮಸೀದಿಯಿಂದ. ಅದನ್ನು ಕಟ್ಟಿಸಿದವರು ಕಚ್ಛಿ ಮೇಮನ್ ವ್ಯಾಪಾರಿ ಹಾಜಿ ಸರ್ ಇಸ್ಮಾಯಿಲ್ ಸೇಠ್. ಶಿವಾಜಿನಗರದ ಘೋಷಾ ಆಸ್ಪತ್ರೆ 1925ರಲ್ಲಿ ತೆರೆದದ್ದೂ ಅವರ ದಾನದಿಂದಲೇ. 1927ರಲ್ಲಿ ಕಟ್ಟಿದ ರಸೆಲ್ ಮಾರ್ಕೆಟ್ಟನ್ನು 1933ರಲ್ಲಿ ವಿಧ್ಯುಕ್ತವಾಗಿ ಉದ್ಘಾಟಿಸಿದವರೂ ಅವರೇ. ಮಸೀದಿ, ಆಸ್ಪತ್ರೆ, ಮಾರುಕಟ್ಟೆ ಮೂರರಲ್ಲೂ ಒಬ್ಬ ವ್ಯಾಪಾರಿಯ ಹೆಸರು ಸೇರಿಕೊಂಡಿದೆ. ದಂಡು ಪ್ರದೇಶದಲ್ಲಿ ವ್ಯಾಪಾರವೂ ದಾನವೂ ಜೊತೆಯಾಗಿ ನಡೆದು ಬಂದದ್ದಕ್ಕೆ ಇದೊಂದು ದಾಖಲೆ. ಆಸುಪಾಸಿನ ಬೀದಿಗಳಲ್ಲಿ ದಖ್ಖನಿ ಉರ್ದು, ತಮಿಳು, ಕನ್ನಡ, ಇಂಗ್ಲಿಷು ಒಂದೇ ವಾಕ್ಯದಲ್ಲಿ ಬೆರೆಯುವುದಕ್ಕೂ ಈ ಹಿನ್ನೆಲೆಯೇ ಕಾರಣ.

ಇದೇ ರಸ್ತೆಯಲ್ಲಿರುವ ಆಲ್ಬರ್ಟ್ ಬೇಕರಿ ಶುರುವಾದದ್ದು 1902ರಲ್ಲಿ. ಮಧ್ಯಾಹ್ನದ ನಂತರ ಬಾಗಿಲು ತೆರೆಯುವ ಬೇಕರಿಯದು. ಅಲ್ಲಿನ ಖೋವಾ ನಾನ್ ಮತ್ತು ಭೇಜಾ ಪಫ್ ಊರಿಗೆಲ್ಲ ಪರಿಚಿತ. ರಂಜಾನಿನಲ್ಲಿ ಇಫ್ತಾರಿಗೆ, ಅಂದರೆ ಸಂಜೆ ಉಪವಾಸ ಬಿಡುವ ಹೊತ್ತಿಗೆ, ಮುಂಚೆ ಖೋವಾ ನಾನಿಗಾಗಿ ನಿಲ್ಲುವ ಸಾಲಿನಲ್ಲಿ ಟೋಪಿ ಹಾಕಿದ ಹಿರಿಯರು, ಆಫೀಸಿನ ಗುರುತಿನ ಚೀಟಿ ಕೊರಳಲ್ಲೇ ಇರುವ ಯುವಕರು, ಶಾಲೆಯ ಬ್ಯಾಗು ಹೊತ್ತ ಮಕ್ಕಳು ಎಲ್ಲರೂ ಇರುತ್ತಾರೆ. ಚಿತ್ರ ತೆಗೆಯುವವರು ಮೊದಲು ನಿಲ್ಲಬೇಕಾದ ಜಾಗ ಆ ಸಾಲು.

ಚಂದ್ರನ ಪಂಚಾಂಗ, ಬೆಳಕಿನ ಲೆಕ್ಕ

ಮುಸ್ಲಿಮರ ಹಿಜರಿ ವರ್ಷ ಪೂರ್ತಿ ಚಂದ್ರನನ್ನು ನಂಬಿದ್ದು. ಅದರಲ್ಲಿ 354 ಅಥವಾ 355 ದಿನಗಳು. ನಮ್ಮ ಚಾಂದ್ರಮಾನ ಪಂಚಾಂಗದಂತೆ ಅಧಿಕ ಮಾಸ ಸೇರಿಸಿ ಋತುವಿಗೆ ಹೊಂದಿಸಿಕೊಳ್ಳುವ ಕ್ರಮ ಅಲ್ಲಿಲ್ಲ. ಹೀಗಾಗಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತ, ಸುಮಾರು 33 ವರ್ಷಗಳಲ್ಲಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ರಾಜ್ಯದ ಬಹುಭಾಗದಲ್ಲಿ 2023ರಲ್ಲಿ ಮಾರ್ಚ್ 24ಕ್ಕೆ, 2024ರಲ್ಲಿ ಮಾರ್ಚ್ 12ಕ್ಕೆ, 2025ರಲ್ಲಿ ಮಾರ್ಚ್ 2ಕ್ಕೆ ಉಪವಾಸ ಶುರುವಾಯಿತು. 2030ರಲ್ಲಿ ಜನವರಿಯಲ್ಲೊಮ್ಮೆ, ಡಿಸೆಂಬರಿನ ಕೊನೆಯಲ್ಲೊಮ್ಮೆ, ಹೀಗೆ ಒಂದೇ ವರ್ಷದಲ್ಲಿ ಎರಡು ಸಲ ರಂಜಾನ್ ತಿಂಗಳು ಆರಂಭವಾಗುತ್ತದೆ.

ಛಾಯಾಗ್ರಾಹಕನಿಗೆ ಇದು ಬರೀ ತಾರೀಖಿನ ಮಾತಲ್ಲ. ಮಾರ್ಚಿನಲ್ಲಿ ಬೆಂಗಳೂರಿನ ಸೂರ್ಯ ಆರೂವರೆಯ ಆಸುಪಾಸು ಮುಳುಗುತ್ತಾನೆ, ಜನವರಿಯ ಆರಂಭದಲ್ಲಿ ಆರು ಗಂಟೆ ದಾಟುತ್ತಿದ್ದಂತೆ. ಬೇಸಿಗೆಯ ರಂಜಾನಿನಲ್ಲಿ ಕಲ್ಲಂಗಡಿ, ಕರಬೂಜ, ಶರಬತ್ತಿನ ಬಣ್ಣಗಳು ಎದ್ದು ಕಾಣುತ್ತವೆ. ಚಳಿಗಾಲಕ್ಕೆ ಸರಿದಂತೆ ಬಿಸಿಲಿನ ಓರೆ ಬದಲಾಗುತ್ತದೆ, ಒಲೆಯ ಹಬೆ ಹೆಚ್ಚು ಹೊತ್ತು ಗಾಳಿಯಲ್ಲಿ ನಿಲ್ಲುತ್ತದೆ. ಒಂದೇ ಬೀದಿಯನ್ನು ವರ್ಷ ವರ್ಷ ತೆಗೆದಿಟ್ಟವರ ಸಂಗ್ರಹದಲ್ಲಿ ಋತುವೂ ದಾಖಲಾಗಿರುತ್ತದೆ.

ಚಂದ್ರನೂ ಚಿತ್ರದೊಳಗೆ ಬರುತ್ತಾನೆ. ತಿಂಗಳು ಶುರುವಾಗುವ ಸಂಜೆ ಪಡುವಣದಲ್ಲಿ ಕೂದಲೆಳೆಯ ಚಂದ್ರ. ನಡು ತಿಂಗಳಲ್ಲಿ, ಹದಿನಾಲ್ಕನೆಯ ರಾತ್ರಿಯ ಆಸುಪಾಸು, ಇತ್ತ ಸೂರ್ಯ ಮುಳುಗುವಾಗ ಅತ್ತ ಮೂಡಣದಲ್ಲಿ ಪೂರ್ಣ ಚಂದ್ರ ಏಳುತ್ತಾನೆ. ಕೊನೆಯ ದಿನಗಳಲ್ಲಿ ರಾತ್ರಿ ಕತ್ತಲೆ, ಪೇಟೆ ಬೆಳಕು. ಇಪ್ಪತ್ತೇಳನೆಯ ರಾತ್ರಿಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಬಟ್ಟೆಬರೆಯ ವ್ಯಾಪಾರವೂ ಬಿರುಸಾಗಿರುತ್ತದೆ. ಮಿನಾರಿನ ಹಿಂದೆ ಹುಣ್ಣಿಮೆ ಬೇಕೆಂದವರು ಕೊನೆಯ ವಾರ ಹೋಗಿ ಹುಡುಕಿದರೆ ಸಿಗದು. ತಿಂಗಳಿನ ಯಾವ ದಿನ ಹೋಗಬೇಕೆಂಬುದನ್ನು ಯಾವ ಚಿತ್ರ ಬೇಕೆಂಬುದರ ಮೇಲೆ ತೀರ್ಮಾನಿಸಬೇಕು.

ಮಧ್ಯಾಹ್ನವೇ ಹತ್ತಿದ ಒಲೆಗಳು

ಮಧ್ಯಾಹ್ನದ ನಮಾಜು ಮುಗಿದ ಮೇಲೆ ದಂಡು ಪ್ರದೇಶದ ಅನೇಕ ಮಸೀದಿಗಳ ಹಿತ್ತಿಲಲ್ಲಿ ದೊಡ್ಡ ಡೇಗುಗಳಲ್ಲಿ ಗಂಜಿ ಬೇಯುತ್ತಿರುತ್ತದೆ. ಅಕ್ಕಿ, ಬೇಳೆ, ಮೆಂತ್ಯ, ಶುಂಠಿ ಬೆಳ್ಳುಳ್ಳಿ, ಕೆಲವೆಡೆ ಖೀಮಾ. ತಮಿಳು ಮಾತಾಡುವ ಮುಸ್ಲಿಮರ ನೋಂಬು ಗಂಜಿಯ ಸಂಪ್ರದಾಯ ಇಲ್ಲಿ ಎಲ್ಲರ ಗಂಜಿಯಾಗಿದೆ. ಸಂಜೆಯಾಗುತ್ತಿದ್ದಂತೆ ಮಕ್ಕಳು ಸ್ಟೀಲಿನ ಕ್ಯಾನು, ತಂಬಿಗೆ ಹಿಡಿದು ಬರುತ್ತಾರೆ. ಇದಕ್ಕೆ ದುಡ್ಡಿಲ್ಲ. ರಂಜಾನ್ ಪೇಟೆಯ ಆಹಾರವೆಂದರೆ ಮಾರಾಟದ ಆಹಾರ ಎಂದಷ್ಟೇ ತಿಳಿದವರು ಈ ಸಾಲನ್ನು ನೋಡಬೇಕು. ಹಂಚುವುದು ಮೊದಲು, ಮಾರುವುದು ಆಮೇಲೆ.

ಹಲೀಮಿನ ಕೆಲಸ ಇನ್ನೂ ಮೊದಲೇ ಶುರುವಾಗಿರುತ್ತದೆ. ಗೋಧಿ, ಮಾಂಸ, ಬೇಳೆ, ತುಪ್ಪ, ಮಸಾಲೆಗಳನ್ನು ಇಟ್ಟಿಗೆ ಮಣ್ಣಿನ ಭಟ್ಟಿಯ ಮೇಲೆ ಹತ್ತು ಹನ್ನೆರಡು ತಾಸು ಸಣ್ಣ ಉರಿಯಲ್ಲಿ ಬೇಯಿಸಿ, ಉದ್ದನೆಯ ಮರದ ಕೊಡತಿಯಿಂದ ಇಬ್ಬರು ಮೂವರು ಸೇರಿ ಜಜ್ಜುತ್ತಾರೆ. ಎಳೆ ಬಿಟ್ಟು, ಗೋಧಿ ಯಾವುದು ಮಾಂಸ ಯಾವುದು ಎಂದು ತಿಳಿಯದಷ್ಟು ಬೆರೆಯಬೇಕು. ನಮ್ಮ ಕಡೆ ಕೊಯ್ಲಿನ ದಿನಗಳಲ್ಲಿ ಅಡಿಕೆ ಬೇಯಿಸುವ ಹಂಡೆಯ ಎದುರು ಕೂತವರಿಗೆ ಈ ದುಡಿಮೆ ಥಟ್ಟನೆ ಅರ್ಥವಾಗುತ್ತದೆ: ಉರಿ ಏರಬಾರದು, ಇಳಿಯಬಾರದು, ಕಣ್ಣು ಬೇರೆ ಕಡೆ ಹೋಗಬಾರದು. ವ್ಯತ್ಯಾಸವೆಂದರೆ ಹಲೀಮಿನ ಮುಂದಿರುವವರಲ್ಲಿ ಬಹುಮಂದಿ ಬೆಳಗಿನ ಜಾವದಿಂದ ಒಂದು ಗುಟುಕು ನೀರನ್ನೂ ಕುಡಿದಿರುವುದಿಲ್ಲ. ಉಪ್ಪು ಸರಿಯಿದೆಯೇ ಎಂದು ಸವಿದು ನೋಡದೆ ಕೈಯ ಅಂದಾಜಿನಲ್ಲೇ ಹಾಕುವವರು ಅನೇಕರು.

ಈ ಖಾದ್ಯದ ಮೂಲ ಅರಬರ ಹರೀಸ್. ಹತ್ತನೆಯ ಶತಮಾನದ ಬಾಗ್ದಾದಿನ ಇಬ್ನ್ ಸಯ್ಯಾರ್ ಅಲ್ ವರ‍್ರಾಕ್ ಬರೆದಿಟ್ಟ ಅಡುಗೆ ಪುಸ್ತಕದಲ್ಲೇ ಹರೀಸ್ ಮಾಡುವ ಕ್ರಮವಿದೆ. ನಿಜಾಮರ ಸೈನ್ಯದಲ್ಲಿದ್ದ ಅರಬರ ಮೂಲಕ ಅದು ಹೈದರಾಬಾದಿಗೆ ಬಂದು, ದಖ್ಖನಿನ ಮಸಾಲೆ ಕಲಿತು ಹಲೀಮ್ ಆಯಿತು. 2010ರಲ್ಲಿ ಹೈದರಾಬಾದಿ ಹಲೀಮಿಗೆ ಭೌಗೋಳಿಕ ಸೂಚಕ ಸಿಕ್ಕಾಗ, ಆ ಮಾನ್ಯತೆ ಪಡೆದ ದೇಶದ ಮೊದಲ ಮಾಂಸಾಹಾರಿ ಖಾದ್ಯ ಅದಾಗಿತ್ತು. ಬಿಸಿ ಕಲ್ಲಿನ ಚಪ್ಪಡಿಯ ಮೇಲೆ ಸುಡುವ ಪತ್ಥರ್ ಕಾ ಗೋಶ್ತ್ ಕೂಡ ಹೈದರಾಬಾದಿನ ದಾರಿಯಿಂದಲೇ ಬೆಂಗಳೂರಿಗೆ ಬಂದದ್ದು. ಕೆಂಪು ಶರಬತ್ತಿನ ರೂಹ್ ಅಫ್ಜಾ ದೆಹಲಿಯದು. ಹಕೀಮ್ ಅಬ್ದುಲ್ ಮಜೀದ್ 20ನೆಯ ಶತಮಾನದ ಮೊದಲ ದಶಕದಲ್ಲಿ ಬೇಸಿಗೆಯ ಝಳಕ್ಕೆ ಮದ್ದಾಗಿ ಮಾಡಿದ ಪಾನಕವದು. ಖರ್ಜೂರ ಇರಾನ್, ಇರಾಕ್, ಸೌದಿಗಳಿಂದ ರಸೆಲ್ ಮಾರ್ಕೆಟ್ಟಿನ ಮಳಿಗೆಗಳಿಗೆ ಬಂದು, ಅಜ್ವಾ, ಮಬ್ರೂಮ್, ಕಿಮಿಯಾ, ಮೆಡ್ಜೂಲ್ ಎಂಬ ಹೆಸರುಗಳಲ್ಲಿ ಗುಡ್ಡೆ ಗುಡ್ಡೆಯಾಗಿ ಕೂರುತ್ತದೆ. ಒಂದು ತಳ್ಳುಗಾಡಿಯ ಮೇಲಿನ ಸಾಮಾನು ಎಷ್ಟು ದೂರದಿಂದ ಬಂದಿದೆ ಎಂದು ತಿಳಿದವನು ಅದನ್ನು ನೋಡುವ ರೀತಿಯೇ ಬೇರೆ.

ಮಾಂಸ ತಿನ್ನದ ನಮ್ಮ ಕಡೆಯವರು ಇದು ನಮಗಲ್ಲವೆಂದು ದೂರ ಉಳಿಯಬೇಕಿಲ್ಲ. ಅಕ್ಕಿ ಹಾಲಿನ ಫಿರ್ನಿ, ಹಣ್ಣಿನ ಚಾಟ್, ಖರ್ಜೂರ, ಜಿಲೇಬಿ, ಶರಬತ್ತು ಎಲ್ಲವೂ ಅದೇ ಬೀದಿಯಲ್ಲಿವೆ. ಕೈಯಲ್ಲಿ ಕ್ಯಾಮೆರಾ ಇದ್ದರೆ ನೋಡಲು ಬೇಕಾದಷ್ಟಿದೆ.

ಬೆಳಕು ಚೆನ್ನಾದಾಗ ಬೀದಿ ಖಾಲಿ

ಛಾಯಾಗ್ರಹಣದ ಪಾಠಗಳೆಲ್ಲ ಎರಡು ಹೊತ್ತನ್ನು ಹೊಗಳುತ್ತವೆ. ಸೂರ್ಯ ಮುಳುಗುವ ಮುಂಚಿನ ಹೊನ್ನಿನ ಬೆಳಕು ಒಂದು, ಮುಳುಗಿದ ನಂತರದ ನೀಲಿ ಬೆಳಕು ಇನ್ನೊಂದು. ಬೆಂಗಳೂರಿನ ಅಕ್ಷಾಂಶದಲ್ಲಿ ಸಂಜೆಯ ಈ ನೀಲಿ ಇಪ್ಪತ್ತು ಇಪ್ಪತ್ತೆರಡು ನಿಮಿಷಕ್ಕಿಂತ ಹೆಚ್ಚು ಇರುವುದಿಲ್ಲ. ಆಕಾಶದ ಬೆಳಕೂ ಅಂಗಡಿಯ ದೀಪವೂ ಸರಿಸಮನಾಗಿ ನಿಲ್ಲುವ ಹೊತ್ತದು. ಕ್ಯಾಮೆರಾಗೆ ಅದಕ್ಕಿಂತ ಅನುಕೂಲದ ಹೊತ್ತು ಇಲ್ಲ.

ಸಂಜೆಯ ನಮಾಜಿನ ಕರೆಯಾದ ಮಗ್ರಿಬ್ ಅಜಾನ್ ಕೇಳುವುದೂ ಸೂರ್ಯ ಮುಳುಗಿದ ಕ್ಷಣದಲ್ಲೇ. ಬೆಳಕು ಅತ್ಯಂತ ಸುಂದರವಾಗುವ ಹೊತ್ತಿಗೆ ವ್ಯಾಪಾರ ನಿಲ್ಲುತ್ತದೆ. ಮಾರುವವರು ಕೈ ತೊಳೆದು ಒಂದು ಖರ್ಜೂರ, ಒಂದು ಲೋಟ ನೀರಿನಿಂದ ಉಪವಾಸ ಬಿಡುತ್ತಾರೆ, ಕೆಲವರು ಅಂಗಡಿಯ ಹಿಂದೆಯೇ ನೆಲದ ಮೇಲೆ ಕೂತು ಹಣ್ಣು, ಗಂಜಿ, ಸಮೋಸ ಹಂಚಿಕೊಳ್ಳುತ್ತಾರೆ. ನಂತರ ನಮಾಜು. ಬೀದಿ ಮತ್ತೆ ತುಂಬುವಾಗ ಆಕಾಶ ಕಪ್ಪಾಗಿರುತ್ತದೆ. ರಂಜಾನ್ ಪೇಟೆಯ ಚಿತ್ರ ತೆಗೆಯಲು ಹೋದ ಪ್ರತಿಯೊಬ್ಬನೂ ಇದನ್ನು ಎದುರಿಸಲೇಬೇಕು: ತನಗೆ ಬೇಕಾದ ಇಪ್ಪತ್ತು ನಿಮಿಷ ಅವರಿಗೆ ಇಡೀ ದಿನ ಕಾದ ಇಪ್ಪತ್ತು ನಿಮಿಷ. ಆ ಹೊತ್ತಿನಲ್ಲಿ ಹಸಿದವನ ಬಾಯಿಗೆ ಲೆನ್ಸು ಹಿಡಿಯಬಾರದು. ನನ್ನ ಮಟ್ಟಿಗೆ ಇದರಲ್ಲಿ ಎರಡನೆಯ ಮಾತಿಲ್ಲ. ಕ್ಯಾಮೆರಾವನ್ನು ಚೀಲಕ್ಕಿಳಿಸಿ ಪಕ್ಕಕ್ಕೆ ನಿಂತರೆ ಯಾರೋ ಒಬ್ಬರು ಖರ್ಜೂರ ನೀಡಿ ಕೂರಲು ಜಾಗ ಮಾಡಿಕೊಡುತ್ತಾರೆ. ಉಪವಾಸ ಬಿಡಿಸುವುದು ಪುಣ್ಯವೆಂಬ ನಂಬಿಕೆ ಆ ಬೀದಿಯಲ್ಲಿ ಗಟ್ಟಿಯಾಗಿದೆ, ಉಪವಾಸ ಮಾಡದವನಿಗೂ ಅದರ ಪಾಲು ಸಿಗುತ್ತದೆ. ಚಿತ್ರ ಬೇಕೇಬೇಕೆಂದರೆ ದೂರದಿಂದ ಬೀದಿಯನ್ನೇ ತೆಗೆಯಬಹುದು. ದೀಪ ಉರಿಯುತ್ತಿದ್ದರೂ ಮಾರುವವರಿಲ್ಲದ ಅಂಗಡಿ, ಮುಚ್ಚಳ ಹಾಕಿದ ಡೇಗು, ಮೇಲೆ ನೀಲಿ ಆಕಾಶ. ರಂಜಾನ್ ಎಂದರೇನೆಂದು ತಟ್ಟೆಯ ಚಿತ್ರಕ್ಕಿಂತ ಈ ಚಿತ್ರ ಚೆನ್ನಾಗಿ ಹೇಳುತ್ತದೆ.

ಅದಕ್ಕೆ ಮುಂಚಿನ ಎರಡು ತಾಸು ಮಾತ್ರ ಧಾರಾಳವಾದ ಕೆಲಸದ ಹೊತ್ತು. ನಾಲ್ಕೂವರೆಯಿಂದ ಆರೂವರೆಯವರೆಗೆ ಓರೆ ಬಿಸಿಲು ಹೊಗೆಯೊಳಗಿಂದ ಹಾದು ಬರುತ್ತದೆ. ಹೊಗೆ ಕಾಣಬೇಕಾದರೆ ಬೆಳಕು ಅದರ ಹಿಂದಿನಿಂದ ಬರಬೇಕು, ಸೂರ್ಯನಿಗೆ ಬೆನ್ನು ಹಾಕಿ ನಿಂತವರಿಗೆ ಅದು ಕಾಣಿಸುವುದೇ ಇಲ್ಲ. ಒಲೆಯ ಆಚೆ ಬದಿಗೆ ಹೋಗಿ, ಅಡುಗೆಯವರಿಗೆ ಅಡ್ಡವಾಗದಂತೆ ನಿಂತು, ಕಪ್ಪು ಹಿನ್ನೆಲೆ ಹುಡುಕಬೇಕು.

ಕತ್ತಲಾದ ಮೇಲೆ ಬೇರೆ ತೊಡಕುಗಳು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಅಗ್ಗದ ಎಲ್‌ಇಡಿ, ಟ್ಯೂಬ್‌ಲೈಟುಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ. ಕಣ್ಣಿಗೆ ಅದು ತಿಳಿಯದಿದ್ದರೂ ವೇಗದ ಶಟರಿನಲ್ಲಿ ಚಿತ್ರಕ್ಕೆ ಅಡ್ಡಪಟ್ಟಿ ಬೀಳುತ್ತದೆ. ಸೆಕೆಂಡಿನ 50ನೆಯ ಅಥವಾ 100ನೆಯ ಒಂದು ಭಾಗದಲ್ಲಿ ಶಟರ್ ಇಟ್ಟರೆ ಪಟ್ಟಿ ಮಾಯವಾಗುತ್ತದೆ. ಸೌಟು ತಿರುಗಿಸುವ ಕೈ ತುಸು ಅಲುಗಿದಂತೆ ಬರುತ್ತದೆ, ಬರಲಿ. ಹಳೆಯ ಹಳದಿ ಬಲ್ಬಿನ ಬೆಳಕು 2,700 ಕೆಲ್ವಿನ್ ಸುಮಾರಿನದು, ಬಿಳಿ ಎಲ್‌ಇಡಿ 6,500ರ ಸುಮಾರಿನದು. ಎರಡೂ ಒಂದೇ ಅಂಗಡಿಯಲ್ಲಿದ್ದರೆ ಕ್ಯಾಮೆರಾ ಗೊಂದಲಕ್ಕೆ ಬಿದ್ದು ಮುಖವನ್ನು ಹಳದಿಯೋ ನೀಲಿಯೋ ಆಗಿಸುತ್ತದೆ. ಯಾವ ಬೆಳಕು ಮುಖದ ಮೇಲಿದೆಯೋ ಅದಕ್ಕೆ ಬಣ್ಣ ಹೊಂದಿಸಿಕೊಳ್ಳಬೇಕು. 35 ಅಥವಾ 50 ಮಿಲಿಮೀಟರಿನ, ಅಗಲವಾಗಿ ತೆರೆಯುವ ಒಂದೇ ಲೆನ್ಸು ಸಾಕು. ದೂರದಿಂದ ಎಳೆದು ತೆಗೆಯುವ ಲೆನ್ಸು ಈ ಬೀದಿಗೆ ಹೊಂದುವುದಿಲ್ಲ, ಹತ್ತಿರ ಹೋಗಿ ಮಾತಾಡಿಸಿಯೇ ತೆಗೆಯಬೇಕು. ಫ್ಲ್ಯಾಶ್ ಬೇಡವೇ ಬೇಡ. ಇದ್ದಿಲಿನ ಕೆಂಪು ಬೆಳಕು ಬೀಸಣಿಗೆಯ ಗಾಳಿಗೆ ಏರಿ ಇಳಿಯುವುದೇ ಆ ಚಿತ್ರದ ಜೀವ. ಫ್ಲ್ಯಾಶ್ ಅದನ್ನು ಅಳಿಸಿಬಿಡುತ್ತದೆ.

ಸತ್ಯನ್ ಅವರಿಂದ ಕಲಿಯಬೇಕಾದದ್ದು

ಕನ್ನಡ ನಾಡಿನ ಛಾಯಾಗ್ರಾಹಕರಿಗೆ ಈ ಕೆಲಸದಲ್ಲಿ ಗುರು ಹುಡುಕಲು ದೂರ ಹೋಗಬೇಕಿಲ್ಲ. ಮೈಸೂರಿನ ಟಿ.ಎಸ್. ಸತ್ಯನ್ (1923–2009) ಪತ್ರಿಕಾ ಛಾಯಾಗ್ರಹಣದಲ್ಲಿ ದೇಶಕ್ಕೇ ಹೆಸರಾದವರು. 1977ರಲ್ಲಿ ಪದ್ಮಶ್ರೀ ಬಂತು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರ ಮಕ್ಕಳ ಚಿತ್ರಗಳನ್ನು ಯುನಿಸೆಫ್ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿತು. ದೊಡ್ಡವರ ಚಿತ್ರಗಳನ್ನೂ ತೆಗೆದರು, ಆದರೆ ಅವರ ಹೆಸರು ನಿಂತದ್ದು ಸಾಮಾನ್ಯರ ಚಿತ್ರಗಳಿಂದ. ಬೀದಿಯಲ್ಲಿ, ಅಂಗಳದಲ್ಲಿ, ದಿನದ ಕೆಲಸದ ನಡುವೆ ಕಂಡ ಜನ. ಅವರ ಚಿತ್ರಗಳಲ್ಲಿ ಬಡವರು ಬಡತನದ ನಿದರ್ಶನವಾಗಿ ಬರುವುದಿಲ್ಲ, ತಮ್ಮ ಪಾಡಿಗೆ ತಾವು ಘನತೆಯಿಂದ ಬದುಕುತ್ತಿರುವ ಮನುಷ್ಯರಾಗಿ ಬರುತ್ತಾರೆ.

ರಂಜಾನ್ ಪೇಟೆಯಲ್ಲಿ ಕ್ಯಾಮೆರಾ ಹಿಡಿದವರಿಗೆ ಬೇಕಾದದ್ದು ಆ ನೋಟ. ಮೊದಲು ಅಂಗಡಿಯ ಮುಂದೆ ನಿಂತು ಏನಾದರೂ ಕೊಳ್ಳಿ. “ಭಾಯ್, ಒಂದು ಫೋಟೋ ತೆಗೀಲಾ?” ಎಂದು ಕೇಳಿ. ಹಿರಿಯರಾದರೆ “ಚಾಚಾ” ಎನ್ನಿ. ತಲೆಯಾಡಿಸಿದರೆ ತೆಗೆಯಿರಿ, ಬೇಡವೆಂದರೆ ನಕ್ಕು ಮುಂದೆ ನಡೆಯಿರಿ. ಹೆಂಗಸರನ್ನೂ ಮಕ್ಕಳನ್ನೂ ಕೇಳದೆ ತೆಗೆಯಬಾರದು. ಮಗುವಾದರೆ ಜೊತೆಗಿರುವ ದೊಡ್ಡವರ ಒಪ್ಪಿಗೆ ಬೇಕು. ನಮಾಜಿನ ಸಾಲಿನ ಎದುರು ಹೋಗಿ ನಿಲ್ಲಬಾರದು. ಭಿಕ್ಷೆಗೆ, ದಾನಕ್ಕೆ ಕೈ ಚಾಚಿದವರ ಮುಖ ಹಿಡಿಯಬಾರದು. ಈ ತಿಂಗಳಲ್ಲಿ ಜಕಾತ್ ಎಂಬ ಕಡ್ಡಾಯ ದಾನದ ಹಂಚಿಕೆ ಹೆಚ್ಚು, ಪಡೆಯುವವರ ಮರ್ಯಾದೆ ಕೊಡುವವರ ದಾನಕ್ಕಿಂತ ದೊಡ್ಡದು. ಇಪ್ಪತ್ತು ಜನರ ಫೋಟೋ ವಾಕ್ ತಂಡವೊಂದು ಒಬ್ಬ ಕಬಾಬಿನವನನ್ನು ಮುತ್ತಿಕೊಂಡರೆ ಅವನ ಗಿರಾಕಿಗಳು ಹಿಂದೆ ಸರಿಯುತ್ತಾರೆ. ವರ್ಷದ ಸಂಪಾದನೆಯ ದೊಡ್ಡ ಪಾಲು ಈ ಒಂದು ತಿಂಗಳಿನಲ್ಲೇ ಆಗಬೇಕಾದವನಿಗೆ ಅದು ನಷ್ಟ. ಇಬ್ಬಿಬ್ಬರಾಗಿ ಚದುರಿ ಹೋಗುವುದೇ ಸರಿ.

ಬಣ್ಣದ ವಿಷಯದಲ್ಲೂ ಒಂದು ಎಚ್ಚರ ಬೇಕು. ಚಿತ್ರದಲ್ಲಿ ಕಣ್ಣು ಕುಕ್ಕುವ ಕಬಾಬಿನ ಕೆಂಪು ಮೆಣಸಿನಕಾಯಿಯದ್ದೇ ಆಗಿರಬೇಕೆಂದಿಲ್ಲ. 2024ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಕಬಾಬುಗಳಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಪರೀಕ್ಷೆಗೆ ಒಯ್ದ ಮಾದರಿಗಳಲ್ಲಿ ಕೆಲವು ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಬಣ್ಣಗಳಿಂದಾಗಿ ಅಸುರಕ್ಷಿತವೆಂದು ಕಂಡುಬಂದದ್ದು ಇದಕ್ಕೆ ಕಾರಣ. ಅದೇ ವರ್ಷ ಮಾರ್ಚಿನಲ್ಲಿ ಗೋಬಿ ಮಂಚೂರಿಯಲ್ಲಿ ಕೃತಕ ಬಣ್ಣಕ್ಕೂ, ಬಾಂಬೆ ಮಿಠಾಯಿಯಲ್ಲಿ ರೋಡಮಿನ್-ಬಿ ಬಳಕೆಗೂ ತಡೆ ಬಿದ್ದಿತ್ತು. ಬಣ್ಣ ಹಾಕದೆ ಸುಟ್ಟ ಮಾಂಸ ಕಂದು, ಅಲ್ಲಲ್ಲಿ ಕಪ್ಪು. ಛಾಯಾಗ್ರಾಹಕರು ಕಂಪ್ಯೂಟರಿನಲ್ಲಿ ಆ ಕಂದನ್ನು ಮತ್ತೆ ಕೆಂಪಾಗಿಸಿದರೆ ಜನ ಆ ಕೆಂಪನ್ನೇ ಕೇಳುತ್ತಾರೆ, ಕೊಡುವವನು ಬಣ್ಣದ ಡಬ್ಬಿಗೆ ಕೈ ಹಾಕುತ್ತಾನೆ. ಕಂದನ್ನು ಕಂದಾಗಿಯೇ ತೋರಿಸುವುದು ಆರೋಗ್ಯಕ್ಕೂ ಒಳ್ಳೆಯದು.

ರಸ್ತೆ ಎಲ್ಲರದ್ದು

ಮಾಸ್ಕ್ ರೋಡಿನ ಸಂಭ್ರಮಕ್ಕೆ ಇನ್ನೊಂದು ಮುಖವಿದೆ. 2020ರ ಲಾಕ್‌ಡೌನ್‌ನಲ್ಲಿ ಮಸೀದಿಗಳೇ ಮುಚ್ಚಿದ್ದವು. 2021ರ ರಂಜಾನ್ ಕೋವಿಡ್ಡಿನ ಎರಡನೆಯ ಅಲೆಯಲ್ಲಿ ಮುಳುಗಿತು. ಮತ್ತೆ ಜನ ಸೇರತೊಡಗಿದ ಮೇಲೆ 2023ರಲ್ಲಿ ಸ್ಥಳೀಯ ನಿವಾಸಿಗಳು ದನಿ ಎತ್ತಿದರು. ರಾತ್ರಿಯಿಡೀ ಸದ್ದು, ಮನೆ ಬಾಗಿಲಿಗೆ ಅಡ್ಡವಾಗಿ ನಿಂತ ಗಾಡಿಗಳು, ಬೆಳಿಗ್ಗೆ ಎದ್ದರೆ ಬೀದಿ ತುಂಬ ಕಸ, ಆಂಬುಲೆನ್ಸಿಗೂ ದಾರಿಯಿಲ್ಲ ಎಂಬುದು ಅವರ ದೂರು. ಆ ವರ್ಷ ರಸ್ತೆ ಬದಿಯ ತಾತ್ಕಾಲಿಕ ಮಳಿಗೆಗಳ ಮೇಳ ನಡೆಯಲಿಲ್ಲ, ಕಾಯಂ ಹೋಟೆಲುಗಳ ವ್ಯಾಪಾರ ಮಾತ್ರ ಉಳಿಯಿತು. ದೂರಿದವರಲ್ಲಿ ಎಲ್ಲ ಧರ್ಮದವರೂ ಇದ್ದರೆಂಬುದನ್ನು ಮರೆಯಬಾರದು. ಉಪವಾಸವಿದ್ದು ರಾತ್ರಿಯ ತರಾವೀಹ್ ನಮಾಜು ಮುಗಿಸಿ, ಬೆಳಗಿನ ಜಾವ ಸಹರಿಯ ಊಟಕ್ಕೆ ಏಳಬೇಕಾದವರಿಗೂ ನಿದ್ದೆ ಬೇಕು.

ಪೇಟೆಯೇ ಬೇಡವೆನ್ನುವುದು ಇದಕ್ಕೆ ಉತ್ತರವಲ್ಲ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರತಿ ಊರಿನಲ್ಲೂ ಪಟ್ಟಣ ವ್ಯಾಪಾರ ಸಮಿತಿ, ಐದು ವರ್ಷಕ್ಕೊಮ್ಮೆಯಾದರೂ ಸಮೀಕ್ಷೆ, ವ್ಯಾಪಾರಕ್ಕೆ ಗುರುತಿಸಿದ ವಲಯ, ವ್ಯಾಪಾರಿಗೆ ಪ್ರಮಾಣಪತ್ರ ಇರಬೇಕೆನ್ನುತ್ತದೆ. ಎಲ್ಲಿ, ಎಷ್ಟು ಮಳಿಗೆ, ಎಷ್ಟು ಹೊತ್ತಿನವರೆಗೆ, ಕಸ ಯಾರು ಎತ್ತಬೇಕು ಎಂಬುದನ್ನು ತಿಂಗಳು ಶುರುವಾಗುವ ಮೊದಲೇ ಕೂತು ತೀರ್ಮಾನಿಸಲು ಕಾನೂನಿನಲ್ಲಿ ದಾರಿಯಿದೆ. ತಿನ್ನಲು, ಚಿತ್ರ ತೆಗೆಯಲು ಹೊರಗಿನಿಂದ ಬರುವ ನಮಗೂ ಪಾಲಿದೆ. ಬಸ್ಸಿನಲ್ಲಿ ಹೋಗುವುದು, ತಟ್ಟೆಯನ್ನು ಬುಟ್ಟಿಗೆ ಹಾಕುವುದು, ಹತ್ತಕ್ಕೆ ಮುಂಚೆ ಹೊರಡುವುದು. ಹೊತ್ತು ಮುಳುಗುವ ಮುನ್ನ ಹೋಗಿ ಎಂದು ನಾನು ಹೇಳುವುದರಲ್ಲಿ ಇದೂ ಸೇರಿದೆ. ಬೇಗ ಹೋದವರು ಬೇಗ ಮರಳಬಹುದು, ಬೀದಿಯ ಮೇಲಿನ ಭಾರ ಅಷ್ಟು ಕಡಿಮೆ.

ನಮ್ಮ ಪೇಟೆಗಳ ಚಿತ್ರ ಎಲ್ಲಿ?

ಈಗ ನಮ್ಮ ಕಡೆಯ ಮಾತು. ಶಿಕಾರಿಪುರ, ಸೊರಬ ತಾಲ್ಲೂಕುಗಳಿಗೆ ಕ್ಯಾಮೆರಾ ಹಿಡಿದು ಬರುವವರು ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯಕ್ಕೆ ಹೋಗುತ್ತಾರೆ, ತಾಳಗುಂದದ ಪ್ರಣವೇಶ್ವರನ ಎದುರಿನ ಕದಂಬರ ಕಂಬದ ಶಾಸನ ನೋಡುತ್ತಾರೆ, ಚಂದ್ರಗುತ್ತಿಯ ಬೆಟ್ಟ ಹತ್ತುತ್ತಾರೆ. ಕಲ್ಲಿನ ಚಿತ್ರಗಳು ಸಾಕಷ್ಟು ಇವೆ, ಇನ್ನಷ್ಟು ಬರಲಿ. ಆದರೆ ಅದೇ ಬಳ್ಳಿಗಾವಿ, ತಾಳಗುಂದಗಳಿಗೆ ಹತ್ತಿರದ ಶಿರಾಳಕೊಪ್ಪದ ಪೇಟೆಯ ಚಿತ್ರ ಯಾರ ಸಂಗ್ರಹದಲ್ಲಿದೆ? ಮುಸ್ಲಿಂ ಕುಟುಂಬಗಳು ತಲೆಮಾರುಗಳಿಂದ ನೆಲೆಸಿರುವ, ಸುತ್ತಲಿನ ಹಳ್ಳಿಗಳೆಲ್ಲ ವ್ಯಾಪಾರಕ್ಕೆ ನಂಬಿರುವ ಊರು ಅದು. ಸಾಗರ, ಸೊರಬ, ಶಿಕಾರಿಪುರದ ಪೇಟೆಗಳು, ಶಿವಮೊಗ್ಗದ ಗಾಂಧಿ ಬಜಾರ್, ಘಟ್ಟ ಇಳಿದರೆ ನವಾಯತ ಮುಸ್ಲಿಮರ ಭಟ್ಕಳ ಎಲ್ಲವೂ ನಮ್ಮ ಕೈಗೆಟುಕುವ ದೂರದಲ್ಲೇ ಇವೆ.

ಸಣ್ಣ ಊರಿನ ರಂಜಾನ್ ಸಂಜೆಗೆ ಮಾಸ್ಕ್ ರೋಡಿನ ದೀಪಗಳಿಲ್ಲ. ಮಸೀದಿಯ ಹತ್ತಿರ ಖರ್ಜೂರದ ನಾಲ್ಕು ಡಬ್ಬ, ಹೆಚ್ಚಿಟ್ಟ ಕಲ್ಲಂಗಡಿ, ಬಾಣಲೆಯಲ್ಲಿ ಸಮೋಸ, ಬಾಳೆಹಣ್ಣಿನ ಗೊನೆ, ಮಂಜುಗಡ್ಡೆ ಹಾಕಿದ ಶರಬತ್ತು. ಕೊಳ್ಳುವವರಿಗೂ ಮಾರುವವರಿಗೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತು. ತೋಟದ ಬಾಳೆಗೊನೆ ತಂದು ಹಾಕಿದವರು ಪಕ್ಕದ ಹಳ್ಳಿಯ ಗೌಡರೋ ನಾಯ್ಕರೋ ಆಗಿರುತ್ತಾರೆ, ಕೊಳ್ಳುವವರು ಸಾಹೇಬರು. ಈ ಕೊಡುಕೊಳೆ ದೊಡ್ಡ ನಗರದಲ್ಲಿ ಕಾಣುವುದಿಲ್ಲ. ಪತ್ರಿಕೆಗಳೂ ಸಣ್ಣ ಊರುಗಳ ಹೆಸರು ಬರೆಯುವುದು ಹೆಚ್ಚಾಗಿ ಗಲಾಟೆಯಾದಾಗ. ಎಲ್ಲ ಸರಿಯಿದ್ದ ನೂರಾರು ಸಂಜೆಗಳಿಗೆ ಸಾಕ್ಷಿಯೇ ಇರುವುದಿಲ್ಲ. ಆ ಸಾಕ್ಷಿ ಒದಗಿಸಬಲ್ಲವರು ಊರಿನ ಮಕ್ಕಳು. ಬೆಂಗಳೂರಿನಿಂದ ಬಂದವರು ಒಪ್ಪಿಗೆ ಕೇಳಬೇಕಾದ ಕಡೆ ಊರಿನವರಿಗೆ “ಏನಪ್ಪಾ, ಯಾವಾಗ ಬಂದೆ?” ಎಂಬ ಸ್ವಾಗತ ಸಿಗುತ್ತದೆ. ಛಾಯಾಗ್ರಾಹಕನಿಗೆ ಅದಕ್ಕಿಂತ ಬೆಲೆಬಾಳುವ ಲೆನ್ಸು ಇಲ್ಲ.

ಆದ್ದರಿಂದ ಕ್ಯಾಮೆರಾ ಇರುವ ನಮ್ಮ ಕಡೆಯ ಯುವಕ ಯುವತಿಯರಲ್ಲಿ ಒಂದು ವಿನಂತಿ. 2027ರಲ್ಲಿ ರಂಜಾನ್ ಫೆಬ್ರವರಿಯ ಎರಡನೆಯ ವಾರದ ಹೊತ್ತಿಗೆ ಶುರುವಾಗಬೇಕು. ಮಾಸ್ಕ್ ರೋಡಿಗೆ ಹೋಗಿ, ಬಿಸಿಲಿರುವಾಗಲೇ ಹೋಗಿ. ಊರಿಗೆ ಬಂದಾಗ ಒಂದು ಸಂಜೆಯನ್ನು ಹತ್ತಿರದ ಪೇಟೆಗೂ ಕೊಡಿ. ತೆಗೆದ ಚಿತ್ರಗಳಲ್ಲಿ ಒಳ್ಳೆಯದನ್ನು ಆರಿಸಿ ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂದೆ ಊರು ಮತ್ತು ತಾರೀಖು ಬರೆದು, ಚಿತ್ರದಲ್ಲಿರುವವರ ಕೈಗೆ ಕೊಟ್ಟು ಬನ್ನಿ. ಇಡೀ ದಿನ ಹಸಿದಿದ್ದು ನಿಮಗಾಗಿ ಬೇಯಿಸಿದವರಿಗೆ ಅಷ್ಟಾದರೂ ಸಲ್ಲಬೇಕು.